ಬೀಗರ ಕಾಡುಪ್ರೇಮ

ಮಾನ್ವಿಯ ಸಿದ್ರಾಮ ಮೊದಲ ಸಲ ಕಾಡು ಕಂಡಿದ್ದು ಐವತ್ಮೂರನೆಯ ವಯಸ್ಸಿನಲ್ಲಿ. ಕಾಡಿನ ಬಗ್ಗೆ ದೊಡ್ಡ ಗಂಟಲಿನಲ್ಲಿ ಮಾತಾಡಿದ್ದು ಮಾತ್ರ ಅದಕ್ಕೆ ಒಂದು ತಿಂಗಳು ಮೊದಲೇ. ನಡುವಿನ ಆ ಒಂದು ತಿಂಗಳು ಅವನು ಸರಿಯಾಗಿ ಊಟ ಮಾಡಿದ್ದನ್ನು ಯಾರೂ ನೋಡಿಲ್ಲ.

ಅವನು ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ದಿನಾ ಮಾನ್ವಿಯಲ್ಲಿ ಬಸ್ಸು ಹತ್ತುವುದು, ಸಿರವಾರದಲ್ಲಿ ಒಂದು ಕಪ್ ಚಹಾ, ಆಮೇಲೆ ದೇವದುರ್ಗ, ಸಂಜೆ ಅದೇ ದಾರಿಯಲ್ಲಿ ವಾಪಸ್. ಇಪ್ಪತ್ತೆಂಟು ವರ್ಷ ಈ ದಾರಿಯಲ್ಲಿ ಅವನು ಕಂಡದ್ದು ಭತ್ತದ ಗದ್ದೆ, ಕಾಲುವೆ ಮತ್ತು ಜಾಲಿಗಿಡ. ನಾಲ್ಕು ಜಾಲಿಗಿಡ ಒಂದೇ ಕಡೆ ಇದ್ದರೆ ಅವನ ಮಟ್ಟಿಗೆ ಅದೇ ದಟ್ಟಾರಣ್ಯ. ಮನುಷ್ಯ ಒಳ್ಳೆಯವನೇ. ಆದರೆ ದೊಡ್ಡವರ ಮನೆಯಲ್ಲಿ ಮಾತು ನಿಂತು ಎಲ್ಲರೂ ಸುಮ್ಮನಾದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಆ ಮೌನ ಮುರಿಯುವ ಹೊಣೆಯನ್ನು ಸರಕಾರ ತನಗೇ ವಹಿಸಿದೆ ಎಂಬಂತೆ ಏನಾದರೊಂದು ಹೇಳಿಬಿಡುತ್ತಿದ್ದ. ಮಗಳು ಪ್ರಿಯದರ್ಶಿನಿಗೆ ಬಂದಿದ್ದ ಎರಡು ಒಳ್ಳೆಯ ಸಂಬಂಧಗಳು ಮುರಿದದ್ದು ಹೀಗೆ ಹೇಳಿದ ಮಾತುಗಳಿಂದಲೇ.

ಮೂರನೆಯದು ರಾಯಚೂರಿನ ಸಂಬಂಧ. ಹುಡುಗ ಹನುಮೇಶ, ಯರಗೇರಾದ ಕ್ಯಾಂಪಸ್ಸಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಾನೆ. ಅವನ ತಂದೆ ನಿಂಗರಾಜ ಸರಕಾರಿ ಕಚೇರಿಯೊಂದರ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಪ್ರಿಯದರ್ಶಿನಿ ಮನೆ ಬಿಡುವ ಮೊದಲೇ ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದಳು: "ಅಪ್ಪಾ, ಈ ಹುಡುಗ ನನಗ ಮನಸ್ಸಿಗೆ ಬಂದಾನ. ನೀ ಅಲ್ಲಿ ಚಹಾ ಕುಡಿ, ಬಿಸ್ಕೀಟ್ ತಿನ್ನು, ಮಾತಾಡಬ್ಯಾಡ."

ಸಿದ್ರಾಮ ಮೂರು ಬಿಸ್ಕೀಟು ಮುಗಿಯುವ ತನಕ ಮಾತು ಉಳಿಸಿಕೊಂಡ. ನಾಲ್ಕನೆಯದು ಕೈಗೆತ್ತಿಕೊಳ್ಳುವಾಗ ಎಲ್ಲರೂ ಸುಮ್ಮನಾದರು. ಎದುರಿನ ಗೋಡೆಯಲ್ಲಿ ಮಂಜು ಮುಸುಕಿದ ಗುಡ್ಡ, ಅದರ ಬುಡದಲ್ಲೊಂದು ಮರದ ಮನೆ ಇದ್ದ ದೊಡ್ಡ ಫೋಟೋ ಇತ್ತು.

"ಇಂಥಾ ಕಡಿಗೆ ನಾವು ವರ್ಷಾ ವರ್ಷಾ ಹೋಗ್ತೀವ್ರಿ," ಎಂದುಬಿಟ್ಟ ಸಿದ್ರಾಮ.

ಅವನ ಹೆಂಡತಿ ಲಲಿತಾ ಬಿಸ್ಕೀಟಿನ ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು. ನಿಂಗರಾಜ ಮುಂದಕ್ಕೆ ಬಾಗಿದರು. "ಹೌದೇನ್ರೀ? ನಮಗೂ ಕಾಡು ಅಂದ್ರ ಜೀವ!"

"ಗುಡ್ಡದಾಗ ಮರದ ಮನಿ. ಕರೆಂಟ್ ಬ್ಯಾಡ, ಫೋನ್ ಬ್ಯಾಡ. ನಮಗ ಅದ ಸೇರೋದು," ಎಂದ ಸಿದ್ರಾಮ. ಮಗಳ ಕಣ್ಣು ಅವನ ಕಿವಿಯ ಹತ್ತಿರ ಸುಡುತ್ತಿತ್ತು, ಆದರೆ ಬಾಯಿಗೆ ಬ್ರೇಕು ಇರಲಿಲ್ಲ.

"ಹಂಗಾದ್ರ ಮುಗೀತಲ್ಲ! ಈ ದಸರಾ ಸೂಟಿಗೆ ಎರಡೂ ಮನಿಯವರು ಕೂಡಿ ಹೋಗಾಮು. ನೀವು ವರ್ಷಾ ಹೋಗೋ ಜಾಗಕ್ಕ. ಮದುವಿ ಮಾತು ಅಲ್ಲೇ ಮುಗಿಸಾಮು," ಎಂದರು ನಿಂಗರಾಜ.

ಸಿದ್ರಾಮ ಬಿಸ್ಕೀಟನ್ನು ನುಂಗಿದ. ಅದು ಗಂಟಲಲ್ಲಿ ನಿಂತು, ಲಲಿತಾ ಬೆನ್ನಿಗೆ ಎರಡು ಗುದ್ದಿದ ಮೇಲೆ ಕೆಳಗಿಳಿಯಿತು. ಎರಡನೆಯ ಗುದ್ದು ಅಗತ್ಯಕ್ಕಿಂತ ಜೋರಾಗಿತ್ತು.

ಮಾನ್ವಿಗೆ ಬಂದವಳೇ ಪ್ರಿಯದರ್ಶಿನಿ ಫೋನು ಹಿಡಿದು ಕೂತಳು. ಪಶ್ಚಿಮದ ಗುಡ್ಡಗಳ ಒಂದು ರಾಷ್ಟ್ರೀಯ ಉದ್ಯಾನದಲ್ಲಿ, ಗೋಡೆಯಲ್ಲಿ ಕಂಡಂಥದೇ ಎರಡು ಮರದ ಮನೆಗಳು ಸಿಕ್ಕವು. "ಎರಡು ರಾತ್ರಿ. ನೀ ಅಲ್ಲಿಗೆ ವರ್ಷಾ ಹೋಗ್ತೀಯಂತ, ನೆನಪಿಟ್ಟುಕೋ," ಎಂದಳು.

ಸುದ್ದಿ ಓಣಿಗೆ ಹಬ್ಬಲು ಪಕ್ಕದ ಮನೆಯ ಖಾಸಿಂ ಬೀ ಒಬ್ಬಳೇ ಸಾಕಾದಳು. ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಯಾ ಅಲ್ಲಾ! ಬೀಗರನ್ನ ಕರ್ಕೊಂಡು ಹುಲಿ ಇರೋ ಕಡಿ ಹೊಂಟೀರಿ? ಸಂಬಂಧ ಬ್ಯಾಡಾಗಿದ್ರ ಬ್ಯಾಡ ಅನ್ನಬೇಕಪಾ, ಜೀವಕ್ಕ ಯಾಕ ಕೈ ಹಾಕ್ತೀರಿ?" ಎಂದಳು. ಸಂಜೆಯ ಹೊತ್ತಿಗೆ ಒಬ್ಬರು ಮಂಕಿ ಟೋಪಿ ತಂದುಕೊಟ್ಟರು, ಒಬ್ಬರು ಹಾವು ಬರದಿರಲೆಂದು ಬಳ್ಳೊಳ್ಳಿ ಸುಲಿದು ಕೊಟ್ಟರು. ಜೀವವಿಮೆಯ ಏಜೆಂಟ್ ಅನ್ನಮ್ಮ ಫಾರಮ್ಮನ್ನೇ ಹಿಡಿದು ಬಂದು, ಸಿದ್ರಾಮನ ಆರೋಗ್ಯ ವಿಚಾರಿಸಿದಳು.

ಕೊನೆಯ ಪೆಟ್ಟು ಕೊಟ್ಟವಳು ಅವನ ತಾಯಿ ಆದೆಮ್ಮ. ಎಪ್ಪತ್ತಾರರ ಮುದುಕಿ, ಹರೆಯದಲ್ಲಿ ಗಂಡನ ಜೊತೆ ಕುರಿ ಮೇಯಿಸುತ್ತ ಊರೂರು ತಿರುಗಿದವಳು. ಕಂಬಳಿ ಮಡಿಚಿ ಚೀಲಕ್ಕೆ ತುರುಕುತ್ತಿದ್ದಳು.

"ಯವ್ವಾ, ನೀ ಎಲ್ಲಿಗೆ?"

"ಮೊಮ್ಮಗಳ ಮಾತುಕತಿಗೆ. ಹಿರೇರಿಲ್ದ ಮಾತುಕತಿ ಅಂತ ಎಲ್ಯರ ಅದೇನಲೇ?"

"ಅಲ್ಲಿ ಕುರಿ ಸುದ್ದಿ ಮಾತ್ರ ತೆಗೀಬ್ಯಾಡ, ಯವ್ವಾ. ಅವರು ದೊಡ್ಡ ಮಂದಿ," ಎಂದ. ಆದೆಮ್ಮ ಮಗನ ಮುಖವನ್ನೇ ಒಂದು ಗಳಿಗೆ ನೋಡಿ, ಚೀಲದ ಬಾಯಿ ಬಿಗಿದಳು.

ಬಾಡಿಗೆ ಕ್ರೂಸರಿನಲ್ಲಿ ಎರಡು ಮನೆಯ ಏಳು ಜನ ಹೊರಟು, ಮರುದಿನ ಮಧ್ಯಾಹ್ನ ಉದ್ಯಾನದ ಬಾಗಿಲಿಗೆ ಮುಟ್ಟಿದರು. ಕೊನೆಯ ಎರಡು ಗಂಟೆ ರಸ್ತೆ ಎಷ್ಟು ತಿರುಗಿತೆಂದರೆ, ನಿಂಗರಾಜರ ಹೆಂಡತಿ ಶಶಿಕಲಾ ಮೂರು ಸಲ ವಾಂತಿ ಮಾಡಿಕೊಂಡು ನಾಲ್ಕನೆಯ ಸಲಕ್ಕೆ ಒಳಗೆ ಏನೂ ಉಳಿದಿಲ್ಲ ಎಂದು ಕೈಚೆಲ್ಲಿದರು.

ಮನೆಗಳ ಮುಂದೆ ಸಿದ್ರಾಮ ಚೀಲ ಕೆಳಗಿಟ್ಟ. ಫೋಟೋದಲ್ಲಿ ಅರಮನೆಯ ಹಾಗೆ ಕಂಡದ್ದು ಎದುರಿಗೆ ನಿಂತಾಗ ತೊಗಟೆ ಕೂಡ ತೆಗೆಯದ ಮರದ ದಿಮ್ಮಿಗಳ ಗುಡಿಸಲು. ಹೆಂಚಿನ ಮೇಲೆ ಪಾಚಿ, ಒಳಗೆ ಮಣ್ಣಿನ ನೆಲ, ಮಂಚದ ಪಕ್ಕಕ್ಕೊಂದು ಕಂದೀಲು. ಪಾಯಖಾನೆ ಮೂವತ್ತು ಹೆಜ್ಜೆ ಹಿಂದೆ, ಪೊದೆಗಳ ನಡುವೆ. ಬಿಸಿನೀರು ಬೇಕಾದವರು ಕಟ್ಟಿಗೆ ಒಡೆಯಬೇಕು ಎಂದು ಬಾಗಿಲಿಗೆ ಬೋರ್ಡು ಹಾಕಿದ್ದರು. ಇಂಥದನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಲು ತನ್ನ ಅಪ್ಪ ಅರ್ಧ ಆಯುಷ್ಯ ದುಡಿದಿದ್ದ ಎಂಬುದು ಸಿದ್ರಾಮನಿಗೆ ನೆನಪಾಗಿ ಕಣ್ಣಲ್ಲಿ ನೀರು ಬಂತು. ಅದನ್ನು ಅವನು ಸಂತೋಷದ ನೀರು ಎಂದು ಬೀಗರಿಗೆ ವಿವರಿಸಿದ.

"ಮೊದಲ ಸಲವಾ ಬರ್ತಿರೋದು?" ಎಂದು ಕೇಳಿದ ಬೀಗದಕೈ ಹಿಡಿದು ಬಂದ ಅರಣ್ಯ ರಕ್ಷಕ ಕೃಷ್ಣ.

"ಏ, ನಾವು ವರ್ಷಾ ಬರೋರು!"

ಕೃಷ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. "ಎಂಥ ಮಾರಾಯ್ರೆ, ಈ ಮನೆ ಕಟ್ಟಿದ್ದೇ ಹೋದ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಇಲ್ಲಿ ಬರೀ ಪೊದೆ."

ಎರಡು ಮನೆಯವರೂ ಸಿದ್ರಾಮನ ಕಡೆ ತಿರುಗಿದರು. ಪ್ರಿಯದರ್ಶಿನಿ ಕಣ್ಣು ಮುಚ್ಚಿಕೊಂಡಳು.

"ಪೊದಿಯೊಳಗ ಇರ್ತಿದ್ವಿ," ಎಂದ ಸಿದ್ರಾಮ.

ನಿಂಗರಾಜ ತಲೆದೂಗಿದರು. "ಪೊದಿ ಅಂದ್ರ ಪೊದೀನ ಬಿಡ್ರಿ. ಈ ಮನಿ ಗಿನಿ ಎಲ್ಲಾ ಈಗಿನ ಮಂದೀಗೆ." ಹೇಳುತ್ತಲೇ ಅವರು ತಮ್ಮ ಕಾಲು ನೋಡಿಕೊಂಡರು. ಮೀನಖಂಡದ ಮೇಲೆ ಕರ್ರಗಿನ ಒಂದು ಜಿಗಣೆ ಅಂಟಿಕೊಂಡು ಆರಾಮಾಗಿ ಊಟ ಮಾಡುತ್ತಿತ್ತು. ಅವರ ಬಾಯಿಂದ ಹೊರಬಂದ ಚೀತ್ಕಾರಕ್ಕೆ ಮರದ ಮೇಲಿನ ಕೋತಿಗಳು ಜಾಗ ಖಾಲಿ ಮಾಡಿದವು. "ಸಂತೋಷ ಆತು, ಅದಕ್ಕ ಒದರಿದೆ. ಭಾಳ ದಿನ ಆಗಿತ್ತು ಜಿಗಣಿ ನೋಡಿ," ಎಂದರು ನಿಂಗರಾಜ, ಕೃಷ್ಣ ಉಪ್ಪು ಹಾಕಿ ಅದನ್ನು ಕೀಳುವಾಗ.

ಆದೆಮ್ಮ ಮಾತ್ರ ಒಳಗೆ ಹೋಗಿ ನೆಲವನ್ನು ಕಾಲಿನಿಂದ ಒರೆಸಿ ನೋಡಿದಳು. ಕಾಲಿಗೆ ಧೂಳು ಹತ್ತಿತು. "ನೆಲ ಹ್ಯಾಂಗ ಬಿಟ್ಟಾರ ನೋಡು! ಇಲ್ಲಿ ಹೆಣ್ಮಕ್ಕಳು ಯಾರೂ ಇಲ್ಲೇನು? ಇಂಥಾ ನೆಲದ ಮ್ಯಾಲ ಮದುವಿ ಮಾತು ಆಡ್ತಾರೇನು?" ಎಂದಳು. ಎಲ್ಲರೂ ತಮ್ಮ ತಮ್ಮ ಕಾಲು ಪರೀಕ್ಷಿಸಿಕೊಳ್ಳುತ್ತಿದ್ದುದರಿಂದ ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮರುದಿನ ಸಿದ್ರಾಮ ಎಚ್ಚರಾದಾಗ ಬಿಸಿಲು ಬಂದಿತ್ತು. ಮೂಗಿಗೆ ಪರಿಚಯದ ವಾಸನೆ ಬಡಿಯಿತು. ಹಬ್ಬದ ದಿನ ಮನೆಯಲ್ಲಿ ಬರುವಂಥ ವಾಸನೆ. ಅರೆನಿದ್ದೆಯಲ್ಲಿ ತಾನು ಮಾನ್ವಿಯಲ್ಲೇ ಇದ್ದೇನೆ, ಕಾಡೆಲ್ಲ ಕನಸು ಎಂದುಕೊಂಡು ಅವನಿಗೆ ಎಷ್ಟು ಸುಖವಾಯಿತೆಂದರೆ ಹಾಗೇ ಒಂದು ನಿಮಿಷ ನಕ್ಕ. ಆಮೇಲೆ ಕಣ್ಣು ಬಿಟ್ಟ.

ಇಡೀ ನೆಲ ಹಸಿರಾಗಿ, ಒದ್ದೆಯಾಗಿ ಹೊಳೆಯುತ್ತಿತ್ತು. ಗೋಡೆಯಿಂದ ಗೋಡೆಗೆ ಬೆರಳಿನಿಂದ ಎಳೆದ ಅರ್ಧಚಂದ್ರಗಳ ಸಾಲು. ಬಾಗಿಲಲ್ಲಿ ಆದೆಮ್ಮ ಕೈ ತೊಳೆಯುತ್ತಿದ್ದಳು. ಅವಳ ಪಕ್ಕದಲ್ಲಿ ಪ್ಯಾಂಟನ್ನು ಮೊಣಕಾಲಿಗೆ ಮಡಿಚಿಕೊಂಡು, ಖಾಲಿ ಬಕೆಟ್ ಹಿಡಿದು ನಿಂತವನು ಹುಡುಗ ಹನುಮೇಶ.

"ಯವ್ವಾ! ಸಗಣಿ ಎಲ್ಲಿಂದ ತಂದಿ?"

"ಕಾಡಿನಾಗ ಬೇಕಾದಷ್ಟು ಅದ. ಈ ಹುಡುಗ ಲಗೂನ ಎದ್ದಿದ್ದ, ಬಕೀಟ್ ಹೊತ್ತ. ಬಂಗಾರದಂಥಾ ಹುಡುಗ."

ಸಿದ್ರಾಮ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಹೆಣ್ಣುಮಗಳೊಬ್ಬಳು ಅಳುವ ಸದ್ದು ಕೇಳಿತು. ಕನ್ನಡಕದ ಒಬ್ಬ ಯುವತಿ, ಕೈಯಲ್ಲಿ ನೋಟುಬುಕ್ಕು, ಅವಳ ಹಿಂದೆ ಕೃಷ್ಣ. ಅವಳು ಮೈಸೂರಿನ ಕಡೆಯ ಸಂಶೋಧಕಿ. ಗುಡ್ಡದ ಕಾಡುಕೋಣಗಳು, ಅಲ್ಲಿಯವರ ಬಾಯಲ್ಲಿ ಕಾಟಿ, ಎಷ್ಟಿವೆ, ಏನು ತಿನ್ನುತ್ತವೆ ಎಂಬುದನ್ನು ಅವುಗಳ ಸಗಣಿಯಿಂದ ಪತ್ತೆ ಹಚ್ಚುವುದು ಅವಳ ಕೆಲಸ. ಹಿಂದಿನ ಸಂಜೆ ಹನ್ನೊಂದು ಕಡೆ ಹೊಸ ಸಗಣಿ ಗುರುತಿಸಿ, ಒಂದೊಂದರಲ್ಲೂ ನಂಬರು ಬರೆದ ಕೆಂಪು ಬಾವುಟದ ಕಡ್ಡಿ ಚುಚ್ಚಿ ಹೋಗಿದ್ದಳು. ಬೆಳಿಗ್ಗೆ ಬಂದು ನೋಡಿದರೆ ಸಗಣಿಯೂ ಇಲ್ಲ, ಬಾವುಟವೂ ಇಲ್ಲ.

ಅವಳು ಒಳಗೆ ಕಾಲಿಟ್ಟು ನೆಲ ನೋಡಿದಳು. ಅಳು ನಿಂತು ಬಾಯಿ ತೆರೆದೇ ಉಳಿಯಿತು. "ಇದು... ಇದು ನನ್ನ ಥೀಸಿಸ್ಸು!" ಎಂದಳು.

ಆದೆಮ್ಮ ಸೊಂಟದಿಂದ ಕಡ್ಡಿಗಳ ಕಟ್ಟು ತೆಗೆದು ಅವಳ ಕೈಗಿಟ್ಟಳು. "ನಿಂದೇನವ್ವಾ ಸಗಣಿ? ಸಿಟ್ಟಾಗಬ್ಯಾಡ ನನ್ನವ್ವಾ. ನಮ್ಮ ಕಡಿ ಅಡವಿಯಾಗ ಯಾರರ ಮೊದಲು ಸಗಣಿ ಕಂಡ್ರ ಕಡ್ಡಿ ಚುಚ್ಚಿ ಹೋಗ್ತಾರ, ಇದು ನಂದು ಅಂತ. ಕಡ್ಡಿ ಇದ್ದ ಸಗಣಿ ಇನ್ನೊಬ್ಬರು ಮುಟ್ಟಂಗಿಲ್ಲ. ನನಗ ಗೊತ್ತಿಲ್ಲೇನು? ಅದಕ್ಕ 'ಯಾರದರವ್ವಾ ಸಗಣಿ?' ಅಂತ ಮೂರು ಸಲ ಒದರೀನಿ. ಯಾರೂ ಓ ಅನ್ನಲಿಲ್ಲ. ಬಿಸಿಲಿಗೆ ಒಣಗಿ ಹಾಳಾಗ್ತದಂತ ತಂದೆ. ಕಡ್ಡಿ ಜ್ವಾಪಾನ ಮಾಡೀನಿ, ನೋಡಿಕೋ."

"ಒಬ್ರೇ ಹೋಗಿದ್ರಾ ಅಜ್ಜಿ? ಅಲ್ಲಿ ಕಾಟಿ ಇತ್ತಲ್ಲ!" ಎಂದು ಕೃಷ್ಣ ಒಂದು ಹೆಜ್ಜೆ ಒಳಗೆ ಬಂದ.

"ಒಂದು ಎಮ್ಮಿ ನಿಂತಿತ್ತಪಾ, ಭಾಳ ದೊಡ್ಡದು. ನಾಕೂ ಕಾಲಿಗೆ ಬಿಳೀ ಕಾಲುಚೀಲ ಹಾಕ್ಕೊಂಡಂಗ ಇತ್ತು. ಸಗಣಿ ಮ್ಯಾಲ ನಿಂತಿತ್ತಂತ ಹೈ, ಸರಿ ಅಂದೆ. ಸರೀತು."

ಕೃಷ್ಣ ಗೋಡೆ ಹಿಡಿದು ಕುಳಿತುಬಿಟ್ಟ. ಕಾಡುಕೋಣಕ್ಕೆ ಪಕ್ಕಕ್ಕೆ ಸರಿ ಎಂದವರು ಅವನ ಹನ್ನೆರಡು ವರ್ಷದ ಸರ್ವಿಸ್ಸಿನಲ್ಲಿ ಯಾರೂ ಇರಲಿಲ್ಲ. ಆಮೇಲೆ ಕರ್ತವ್ಯ ನೆನಪಾಗಿ ಚೀಲದಿಂದ ಹಾಳೆ ತೆಗೆದ. ರಾಷ್ಟ್ರೀಯ ಉದ್ಯಾನದೊಳಗಿಂದ ಒಂದು ಎಲೆಯನ್ನೂ ಎತ್ತುವ ಹಾಗಿಲ್ಲ, ಸಾಹೇಬರಿಗೆ ವರದಿ ಹೋಗಲೇಬೇಕು ಎಂದ. ಅಷ್ಟರಲ್ಲಿ ಪಕ್ಕದ ಮನೆಯಿಂದ ನಿಂಗರಾಜ, ಶಶಿಕಲಾ ಇಬ್ಬರೂ ಕಂಬಳಿ ಹೊದ್ದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು.

"ತೆಗೆದ ವಸ್ತು?" ಕೃಷ್ಣ ತಾನೇ ಕೇಳಿಕೊಂಡು ತಾನೇ ಬರೆದ. "ಕಾಟಿ ಸಗಣಿ, ಹನ್ನೊಂದು ಗುಡ್ಡೆ. ಉದ್ದೇಶ?"

"ನೆಲ ಸಾರ್ಸಾಕ," ಎಂದಳು ಆದೆಮ್ಮ.

"ಬಳಸಿದ ಸಲಕರಣೆ?"

"ಕೈ."

ಕೃಷ್ಣ ಒಂದು ಕ್ಷಣ ಪೆನ್ನು ಎತ್ತಿದ, ಮತ್ತೆ ಬರೆದ. "ಜೊತೆಯಲ್ಲಿ ಬಂದವರು? ಎರಡು ಮನೆಯವರೂ ಒಂದೇ ಕುಟುಂಬವಾ?"

ನಿಂಗರಾಜರಿಗೆ ತಮ್ಮ ಪಿಂಚಣಿ, ತಮ್ಮ ಮೂವತ್ತನಾಲ್ಕು ವರ್ಷದ ಕಪ್ಪುಚುಕ್ಕೆಯಿಲ್ಲದ ಸರ್ವಿಸ್ ರಿಜಿಸ್ಟರು, ಎಲ್ಲ ಒಟ್ಟಿಗೆ ನೆನಪಾದವು. "ಅಲ್ಲ ಅಲ್ಲ! ಸಂಬಂಧ ಇನ್ನೂ ಆಗಿಲ್ಲ. ಸಂಬಂಧ ಇಲ್ಲ ಅಂತ ಸ್ಪಷ್ಟ ಬರ್ಕೋರಿ. ಬೇಕಾದ್ರ ಸಹಿ ಮಾಡಿ ಕೊಡ್ತೀನಿ," ಎಂದರು.

ಪ್ರಿಯದರ್ಶಿನಿ ತಾಯಿಯ ಸೆರಗಿನ ಮರೆಗೆ ಸರಿದಳು. ಮೂರನೆಯ ಸಂಬಂಧವೂ ಹೋಯಿತು ಎಂಬುದು ಸಿದ್ರಾಮನಿಗೆ ಅರ್ಥವಾಯಿತು. ಈ ಸಲ ಅವನು ಏನೂ ಮಾತಾಡಿರಲಿಲ್ಲ, ನಿದ್ದೆ ಮಾಡುತ್ತಿದ್ದ, ಆದರೂ ತಪ್ಪೆಲ್ಲ ತನ್ನದೇ. ಗೋಡೆಯ ಮೇಲಿನ ಒಂದು ಫೋಟೋ ನೋಡಿ ಸುಮ್ಮನಿರಲಾರದವನಿಗೆ ಇಂಥ ಮಗಳು ಯಾಕಾದರೂ ಹುಟ್ಟಿದಳೋ ಎಂದುಕೊಂಡ.

"ಬಕೀಟ್ ಹೊತ್ತವ ನಾನು," ಎಂದ ಹನುಮೇಶ ಕೃಷ್ಣನ ಹತ್ತಿರ ಹೋಗಿ. "ಅಜ್ಜಿ ಹೆಸರಿನ ಕೆಳಗ ನನ್ನ ಹೆಸರು ಬರ್ಕೋರಿ. ಹನುಮೇಶ, ತಂದೆ ನಿಂಗರಾಜ."

"ಲೇ!" ಎಂದು ನಿಂಗರಾಜ ಕೂಗಿದ್ದಕ್ಕೆ ಕಂಬಳಿ ಜಾರಿ ಬಿತ್ತು. "ನನ್ನ ಹೆಸರು ಯಾಕ ಹೇಳ್ತಿಯಲೇ!"

ಕೃಷ್ಣ ಬರೆಯತೊಡಗಿದ. ಸಂಶೋಧಕಿ ಮತ್ತೆ ಬಿಕ್ಕಿದಳು. "ಅವರ ಹೆಸರು ಬರೆದರೆ ನನ್ನ ಸಗಣಿ ಬರುತ್ತಾ? ಯಾವ ನಂಬರು ಎಲ್ಲಿತ್ತು, ಯಾವ ಪ್ರಾಣಿಯದ್ದು, ಏನು ತಿಂದಿತ್ತು, ಒಂದೂ ಬರೆದುಕೊಂಡಿರಲಿಲ್ಲ ನಾನು."

"ಅದಕ್ಯಾಕ ಅಳ್ತಿಯವ್ವಾ? ನಾ ಹೇಳ್ತೀನಿ, ನೀ ಬರ್ಕೋ," ಎಂದಳು ಆದೆಮ್ಮ.

ಅವಳು ಕಡ್ಡಿಗಳನ್ನು ವಾಪಸು ತೆಗೆದುಕೊಂಡು ಒಂದೊಂದನ್ನೇ ಹಿಡಿದು ನೋಡಿದಳು. ಅಕ್ಷರ ಬರುತ್ತಿರಲಿಲ್ಲ, ಆದರೆ ಬಾವುಟದ ಹರಿದ ಅಂಚು, ಕಡ್ಡಿಯ ಡೊಂಕು ನೋಡಿ ಗುರುತು ಹಿಡಿದಳು. "ಇದು ಹಳ್ಳದ ಬಗಲಿಗಿದ್ದದ್ದು. ಹೆಣ್ಣು, ಹೊಟ್ಟೆಯಾಗ ಕರು ಅದ. ಬಿದಿರಿನ ಎಲಿ ತಿಂದದ. ಇದು ಬಂಡೆಗಲ್ಲಿನ ಕೆಳಗಿಂದು. ಮುದಿ ಕ್ವಾಣ, ಹಲ್ಲು ಸವದಾವ. ಹುಲ್ಲು ಉದ್ದುದ್ದಕ ಹಂಗ ಹೊರಗ ಬಂದದ, ಪಾಪ. ಇದು ಎಳೀ ಕರು, ಇನ್ನೂ ಹಾಲು ಬಿಟ್ಟಿಲ್ಲ. ಇದಕ್ಕ ಹೊಟ್ಟಿ ಕೆಟ್ಟದ, ಹುಳ ಅದಾವ, ನಿಮ್ಮ ಡಾಕ್ಟ್ರಿಗೆ ಹೇಳ್ರಿ."

ಸಂಶೋಧಕಿ ಅಳು ಮರೆತು ಬರೆಯಲು ಶುರು ಮಾಡಿದಳು. ಹನ್ನೊಂದೂ ಮುಗಿಯುವ ಹೊತ್ತಿಗೆ ನಾಲ್ಕು ಪುಟ ತುಂಬಿತ್ತು. ಕೃಷ್ಣ ಆ ಜಾಗಗಳನ್ನೆಲ್ಲ ಬಲ್ಲವನು. ಒಂದೂ ತಪ್ಪಿಲ್ಲ, ಹಳ್ಳದ ಹತ್ತಿರ ಗಬ್ಬದ ಕಾಟಿಯನ್ನು ತಾನೂ ನೋಡಿದ್ದೇನೆ ಎಂದ.

"ಇದನ್ನೆಲ್ಲ ಎಲ್ಲಿ ಕಲಿತಿರಿ ಅಜ್ಜಿ?" ಎಂದು ಕೇಳಿದಳು ಸಂಶೋಧಕಿ.

ಸಿದ್ರಾಮ ತಾಯಿಯ ಕಡೆ ಕೈಮುಗಿದ. ಆದೆಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ, "ಮೂವತ್ತು ವರ್ಷ ಕುರಿ ಹಿಂದ ತಿರುಗೀನವ್ವಾ. ಮೂಕ ಪ್ರಾಣಿ ಜಡ್ಡು ಬಾಯಿಂದ ಹೇಳಂಗಿಲ್ಲ, ಹಿಂದಿನಿಂದ ಹೇಳ್ತದ. ಈ ನನ್ನ ಮಗಗ ಅದನ್ನ ಹೇಳಾಕ ನಾಚಿಕಿ. ನನಗೇನು ನಾಚಿಕಿ?" ಎಂದಳು.

ಸಂಶೋಧಕಿ ಕೃಷ್ಣನ ಕೈಯಿಂದ ಹಾಳೆ ತೆಗೆದುಕೊಂಡು ಓದಿದಳು. 'ಅಪರಾಧಿ' ಎಂದಿದ್ದಲ್ಲಿ ಗೀಟೆಳೆದು 'ಸ್ಥಳೀಯ ತಜ್ಞೆ' ಎಂದು ಬರೆಯಬಹುದಾ ಎಂದು ಕೇಳಿದಳು. ಅಜ್ಜಿ ಸ್ಥಳೀಯರಲ್ಲವಲ್ಲ ಎಂದು ಕೃಷ್ಣ ಬಹಳ ಹೊತ್ತು ತಲೆ ಕೆರೆದುಕೊಂಡ. ಕೊನೆಗೆ 'ಹೊರ ಜಿಲ್ಲೆಯ ತಜ್ಞೆ, ಸಗಣಿ ಪರಿಶೀಲನೆಗೆ ನೆರವಾದರು' ಎಂದು ತಿದ್ದಿ, ಮುಂದೆ ಹಸಿರು ಕಡ್ಡಿಯನ್ನೂ ಮುಟ್ಟಬಾರದೆಂದು ಆದೆಮ್ಮನಿಂದ ಮಾತು ತೆಗೆದುಕೊಂಡು ಸಂಶೋಧಕಿಯ ಜೊತೆ ಹೊರಟ.

ಆಗ ನಿಂಗರಾಜರು ಗಂಟಲು ಸರಿಮಾಡಿಕೊಂಡರು. "ಬೀಗರ, ಹಂಗಾದ್ರ ನಮ್ಮ ಸಂಬಂಧದ ಮಾತು..."

"ಯಾವ ಸಂಬಂಧ? ಇಲ್ಲ ಅಂತ ಸಹಿ ಮಾಡಾವ್ರಿದ್ರಲ್ಲ ನೀವು?" ಎಂದಳು ಆದೆಮ್ಮ.

ನಿಂಗರಾಜರ ಕಂಬಳಿ ಎರಡನೆಯ ಸಲ ಜಾರಿತು. ಸಿದ್ರಾಮ ಏನೋ ಹೇಳಲು ಬಾಯಿ ತೆರೆದ. ಅವನಿಗೂ ಬಿಡಲಿಲ್ಲ ಮುದುಕಿ. "ನೀ ಮುಚ್ಚು. ಒಬ್ಬವ ಇಲ್ಲದ್ದು ಅದ ಅಂತಾನ, ಇನ್ನೊಬ್ಬವ ಇದ್ದದ್ದು ಇಲ್ಲ ಅಂತಾನ. ನಿಮ್ಮಿಬ್ಬರ ಕೂಡ ಏನು ಮಾತು? ಹುಡುಗ ನನ್ನ ಹೆಸರಿನ ಕೆಳಗ ತನ್ನ ಹೆಸರು ಬರಸಿದ. ನನಗ ಅಷ್ಟು ಸಾಕು. ಹೆಣ್ಮಕ್ಕಳೂ ಹುಡುಗನೂ ಒಳಗ ಬರ್ರಿ, ನೆಲ ಒಣಗ್ಯದ. ಅಪ್ಪಗೋಳಿಬ್ರೂ ಹೊರಗ ಕುಂದರ್ರಿ."

ಶಶಿಕಲಾ ಎಲ್ಲರಿಗಿಂತ ಮೊದಲು ಒಳಗೆ ನಡೆದು, ಸಾರಿಸಿದ ನೆಲದ ಮೇಲೆ ಕಾಲು ಚಾಚಿ ಕೂತು, "ಯವ್ವಾ, ನಿನ್ನೆಯಿಂದ ಈಗ ನೋಡು ಜೀವಕ್ಕ ತಣ್ಣಗ ಅನಿಸಿತು," ಎಂದರು. ಬಾಗಿಲು ಮುಚ್ಚಿತು.

ಹೊರಗೆ ಕಟ್ಟಿಗೆಯ ಕೊರಡಿನ ಮೇಲೆ ಬೀಗರಿಬ್ಬರೂ ಕೂತರು. ಬಿಸಿಲು ಹೋಗಿ ಮತ್ತೆ ಮಂಜು ಸುರಿಯುತ್ತಿತ್ತು. ಒಬ್ಬರ ಹಲ್ಲು ಕಟಕಟ ಎನ್ನುವುದು ಇನ್ನೊಬ್ಬರಿಗೆ ಕೇಳುತ್ತಿತ್ತು.

"ಹವಾ ಭಾಳ ಛಲೋ ಅದರಿ," ಎಂದ ಸಿದ್ರಾಮ.

"ಇಂಥಾ ಕಡಿ ಒಂದು ತಿಂಗಳರ ಇರಬೇಕ್ರಿ," ಎಂದರು ನಿಂಗರಾಜ, ಕಾಲ್ಬೆರಳ ಸಂದಿನಿಂದ ಜಿಗಣೆಯೊಂದನ್ನು ಕೀಳುತ್ತ.

ಒಳಗಿನ ಮಾತು ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಸಿದ್ರಾಮ ಕಿವಿಯನ್ನು ಬಾಗಿಲಿಗೇ ಇಟ್ಟಿದ್ದ. ಬಹಳ ಹೊತ್ತಿನ ಮೇಲೆ ಒಳಗೆ ನಗು ಕೇಳಿತು. ಅದರಲ್ಲಿ ಮಗಳ ನಗು ಯಾವುದು ಎಂದು ಅವನಿಗೆ ಗೊತ್ತಾಯಿತು. ಬಾಗಿಲು ತೆರೆದು ಪ್ರಿಯದರ್ಶಿನಿ ಹೊರಗೆ ಬಂದಳು. ಕಣ್ಣು ಒದ್ದೆಯಾಗಿದ್ದವು.

"ಮದುವಿ ನಿಕ್ಕಿ ಆತು, ಅಪ್ಪಾ," ಎಂದಳು.

ಸಿದ್ರಾಮನಿಗೆ ಅಳು ತಡೆಯಲಾಗಲಿಲ್ಲ. ನಿಂಗರಾಜರು ಅವನ ಕೈ ಹಿಡಿದುಕೊಂಡರು, ಅವರ ಮೂಗೂ ಕೆಂಪಾಗಿತ್ತು.

"ಮದುವಿ ಎಲ್ಲಿ ಮಾಡಾದು ಅಂತ ಅಜ್ಜಿ ಕೇಳಾಕತ್ತಾಳ," ಎಂದಳು ಪ್ರಿಯದರ್ಶಿನಿ. "ನಿಮ್ಮಿಬ್ಬರಿಗೂ ಕಾಡು ಅಂದ್ರ ಜೀವ ಅಂತಲ್ಲ. ಎರಡೂ ಕಡಿಯ ಮಂದೀನ ಕರ್ಕೊಂಡು ಬಂದು ಎಂಟು ದಿನ ಇಲ್ಲೇ ಇದ್ದು, ಈ ನೆಲದ ಮ್ಯಾಲೇ ಅಕ್ಕಿಕಾಳು ಹಾಕಾಮೇನು ಅಂತಾಳ."

"ಬ್ಯಾಡ!" ಬೀಗರಿಬ್ಬರೂ ಒಟ್ಟಿಗೆ ಎದ್ದು ನಿಂತು, ಗುಡ್ಡಕ್ಕೆ ಗುಡ್ಡವೇ ಮಾರ್ದನಿಸುವ ಹಾಗೆ ಕೂಗಿದರು. ಕಾಡಿನ ವಿಷಯದಲ್ಲಿ ಅವರಿಬ್ಬರೂ ಅಲ್ಲಿಯ ತನಕ ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ.